ಜೀವನಾಂಶಕ್ಕೆ ಶೇಕಡಾ ಲೆಕ್ಕ ಇಲ್ಲ

"ಸಂಬಳದ ಕಾಲು ಭಾಗ ಬಂದೇ ಬರುತ್ತೆ ಅಲ್ವಾ ಮೇಡಂ?" ಡೈವೋರ್ಸ್ ಕೇಸಿಗೆ ಬಂದವರು ಹೆಚ್ಚಾಗಿ ಮೊದಲು ಕೇಳುವುದೇ ಇದನ್ನು. ಕೊಡಬೇಕಾದವರಿಗೂ ಅದೇ ಭಯ. 2017ರಲ್ಲಿ ಒಂದು ಪ್ರಕರಣದಲ್ಲಿ, ಗಂಡನ ನಿವ್ವಳ ಸಂಬಳದ ಶೇ 25ರಷ್ಟು ಕೊಡುವುದು ನ್ಯಾಯ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ಮಾತು ಬಾಯಿಂದ ಬಾಯಿಗೆ ಹೋಗಿ ನಿಯಮವೇ ಆಗಿಬಿಟ್ಟಿದೆ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಯಾವ ಲೆಕ್ಕವೂ ಇಲ್ಲ.

ಕೇಸು ನಡೆಯುವಾಗ ಸಿಗುವ ಮಧ್ಯಂತರ ಜೀವನಾಂಶಕ್ಕೆ 24ನೇ ಕಲಂ, ಕೊನೆಗೆ ಸಿಗುವ ಶಾಶ್ವತ ಜೀವನಾಂಶಕ್ಕೆ 25ನೇ ಕಲಂ. ಎರಡರಲ್ಲೂ ಗಂಡನೂ ಕೇಳಬಹುದು. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ.

ಹಾಗಾದರೆ ಮೊತ್ತ ನಿರ್ಧಾರವಾಗುವುದು ಹೇಗೆ? ಇಬ್ಬರ ಆದಾಯ, ಆಸ್ತಿ, ಸಾಲ, ವಯಸ್ಸು, ಆರೋಗ್ಯ, ಜೊತೆಗಿದ್ದಾಗ ನಡೆಸುತ್ತಿದ್ದ ಜೀವನ, ಎಲ್ಲವನ್ನೂ ನ್ಯಾಯಾಧೀಶರು ನೋಡುತ್ತಾರೆ. ನನಗೆ ಬೇಜಾರಾಗುವುದು "ಡಿಗ್ರಿ ಇದೆ, ದುಡಿದು ತಿನ್ನಲಿ" ಎನ್ನುವ ವಾದ ಕೇಳಿದಾಗ. ಮಕ್ಕಳಿಗಾಗಿ ಹತ್ತು ವರ್ಷ ಕೆಲಸ ಬಿಟ್ಟವರಿಗೆ ಮತ್ತೆ ಹಳೇ ಸಂಬಳ ಯಾರು ಕೊಡುತ್ತಾರೆ? ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ಈ ತ್ಯಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿದೆ. ಹೆಂಡತಿ ದುಡಿಯುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದೂ ಹೇಳಿದೆ.

ಅದೇ ತೀರ್ಪಿನಿಂದ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಈಗ ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲಗಳ ಅಫಿಡವಿಟ್ ಕೊಡಲೇಬೇಕು. ನನ್ನ ಅನುಭವದಲ್ಲಿ ಜೀವನಾಂಶದ ಕೇಸು ಗೆಲ್ಲುವುದು, ಸೋಲುವುದು ಈ ಕಾಗದದಲ್ಲೇ. ಗಂಡ ಕಡಿಮೆ ಆದಾಯ ತೋರಿಸಿದರೂ ಬ್ಯಾಂಕ್ ಸ್ಟೇಟ್‌ಮೆಂಟ್, ಕಾರಿನ ಕಂತು, ವಿಮೆಯ ಪ್ರೀಮಿಯಂ ಬೇರೆಯೇ ಕಥೆ ಹೇಳುತ್ತವೆ. ಹೆಂಡತಿ ಟ್ಯೂಷನ್ ಹಣ ಮುಚ್ಚಿಟ್ಟರೂ ಅಷ್ಟೇ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಕೋರ್ಟು ನಂಬುವುದು ಕಷ್ಟ. ಆದ್ದರಿಂದ ಮನೆ ಬಾಡಿಗೆ, ಔಷಧಿ, ಶಾಲೆ ಫೀಸಿನ ರಸೀದಿಗಳನ್ನು ಇವತ್ತಿನಿಂದಲೇ ಎತ್ತಿಡಿ.

ಅರ್ಜಿ ಹಾಕಲು ತಡ ಮಾಡಬೇಡಿ. ಆದೇಶ ಯಾವಾಗಲೇ ಬರಲಿ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಎಂದೂ ಆ ತೀರ್ಪು ಹೇಳುತ್ತದೆ. ಆಮೇಲೆ ಕೆಲಸ ಹೋದರೆ, ಕಾಯಿಲೆ ಬಿದ್ದರೆ ಮೊತ್ತ ಬದಲಿಸಲು ಕೇಳಬಹುದು. ಸುಮ್ನೆ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಬಾಕಿ ಬೆಳೆಯುತ್ತಲೇ ಇರುತ್ತದೆ.