ನಲವತ್ತು ಪರ್ಸೆಂಟ್ ಇಲ್ಲದ ಮಗುವಿಗೂ ಹಕ್ಕಿದೆ

"ಮಗುವಿನ ಅಂಗವೈಕಲ್ಯ ಸರ್ಟಿಫಿಕೇಟ್‌ನಲ್ಲಿ ಮೂವತ್ತೇ ಪರ್ಸೆಂಟ್ ಬಂದಿದೆ ಮೇಡಂ. ಹಾಗಾಗಿ ಏನೂ ಸಿಗಲ್ಲ ಅಂದ್ರು ಸ್ಕೂಲಲ್ಲಿ." ವಿಶೇಷ ಶಿಕ್ಷಕಿಯಾಗಿ ನಾನು ಪೋಷಕರಿಂದ ಪದೇ ಪದೇ ಕೇಳುವ ಮಾತಿದು. ಅರ್ಧ ಸರಿ, ಅರ್ಧ ತಪ್ಪು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಆಟಿಸಂ, ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಈ ಕಾಯ್ದೆ ಶೇ 40ರ ಗೆರೆ ಎಳೆದಿರುವುದು ಕೆಲವೇ ಸವಲತ್ತುಗಳಿಗೆ: 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5 ಸೀಟು, ಮುಂದೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ, ಇಂಥವು.

ತರಗತಿಯೊಳಗಿನ ವಿಷಯವೇ ಬೇರೆ. ಅದಕ್ಕೆ 16 ಮತ್ತು 17ನೇ ಸೆಕ್ಷನ್ ಓದಬೇಕು. ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಕೂಡ ಇಲ್ಲೇ ಬರುತ್ತವೆ. ಇವುಗಳಿಗೆ ಶೇ 40ರ ಷರತ್ತಿಲ್ಲ! ಮಾನ್ಯತೆ ಪಡೆದ ಖಾಸಗಿ ಶಾಲೆಗೂ 16ನೇ ಸೆಕ್ಷನ್ ಅನ್ವಯಿಸುತ್ತದೆ. "ನಮ್ಮಲ್ಲಿ ಅಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ" ಅನ್ನುವುದು ನಯವಾದ ನಿರಾಕರಣೆ, ಅಷ್ಟೇ.

ಈ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಸ್ಕ್ರೈಬ್ ಕೊಡಲು ಒಪ್ಪಲಿಲ್ಲ. ಸ್ಕ್ರೈಬ್ ಪಡೆಯಲು ಶೇ 40 ಇರಲೇಬೇಕೆಂದೇನಿಲ್ಲ ಎಂದು 2021ರ ಫೆಬ್ರುವರಿಯಲ್ಲಿ ಕೋರ್ಟ್ ಹೇಳಿತು. ಅದೇ ವಿಕಾಶ್ ಕುಮಾರ್ ಪ್ರಕರಣ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗೆಂದೇ ಮಾರ್ಗಸೂಚಿ ತಂದಿತು. ಬರೆಯಲು ತೊಂದರೆ ಇದೆ ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಮಾಣಪತ್ರ ಬೇಕು, ಅದನ್ನು ಮರೆಯಬೇಡಿ.

ನಾನು ಪೋಷಕರಿಗೆ ಹೇಳುವುದು ಇಷ್ಟೇ. ಬಾಯಿಮಾತಲ್ಲಿ ಕೇಳಬೇಡಿ, ಪತ್ರ ಬರೆಯಿರಿ. "ಸಹಾಯ ಮಾಡಿ" ಅಂದರೆ ಸಾಲದು. ಮುಂದಿನ ಬೆಂಚು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ, ಹೀಗೆ ಬಿಡಿಸಿ ಬರೆಯಿರಿ. ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹತ್ತನೇ ಕ್ಲಾಸಿನ ವಿನಾಯಿತಿಗೆ ಒಂಬತ್ತರಲ್ಲೇ ಓಡಾಟ ಶುರುಮಾಡಿ. ಕೊನೇ ಗಳಿಗೆಯಲ್ಲಿ ಬರುವವರೇ ಜಾಸ್ತಿ, ಆಗ ನನಗೂ ಕೈಕಟ್ಟಿದಂತಾಗುತ್ತದೆ.

ಶಾಲೆ ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಅಲ್ಲೂ ಕೆಲಸ ಆಗಲಿಲ್ಲವೆಂದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರವಿದೆ. ಸೀಲು ಬಿದ್ದ ಆ ಪ್ರತಿ ಬೇಕಾಗುವುದು ಆಗಲೇ.