ಬೂಟು ಗಿಡ್ಡ ಇದ್ದರೆ ಸಾಕ್ಸೂ ಗಿಡ್ಡ ಇರಬೇಕೇನು?

ಮಳೆಗಾಲ ಶುರುವಾಯಿತೆಂದರೆ ಬೆಳಗಾವಿಯ ನನ್ನ ಫಿಜಿಯೋಥೆರಪಿ ಕೋಣೆಗೆ ಸೋಮವಾರ ಬರುವವರಲ್ಲಿ ಒಂದಿಬ್ಬರಾದರೂ ಹಿಮ್ಮಡಿ ಸುಲಿದುಕೊಂಡವರು ಇದ್ದೇ ಇರುತ್ತಾರೆ. ಭಾನುವಾರ ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೆ ನಡೆದು ಬಂದಿರುತ್ತಾರೆ. ಹೇಳುವುದು ಮೊಣಕಾಲು ನೋವು. ನಡೆಸಿ ನೋಡಿದರೆ ಹಿಮ್ಮಡಿಯ ಗುಳ್ಳೆ ನೋಯಬಾರದೆಂದು ಕಾಲು ಓರೆ ಇಡುತ್ತಿರುತ್ತಾರೆ, ಅದರ ಪೆಟ್ಟು ಮೊಣಕಾಲಿಗೆ ಬಿದ್ದಿರುತ್ತದೆ.

‘ಬೂಟು ಭಾಳ ಛಲೋ ಅದಾವ್ರೀ ಸರ, ಹಗೂರ ಅದಾವು. ಆದ್ರೂ ಹಿಂಗ್ಯಾಕ ಆತು?’

ಬೂಟು ನಿಜವಾಗಿಯೂ ಛಲೋ ಇರುತ್ತವೆ. ಸಾಕ್ಸ್ ತೋರಿಸ್ರಿ ಅಂದರೆ ಚೀಲದ ಮೂಲೆಯಿಂದ ಅಂಗೈಯಗಲದ ಒಂದು ಬಟ್ಟೆ ತುಂಡು ಹೊರಬರುತ್ತದೆ. ಬೂಟಿನ ಹೊರಗೆ ಕಾಣಬಾರದು ಎಂದೇ ಮಾಡಿದ ಸಾಕ್ಸ್ ಅದು. ಆಫೀಸಿಗೆ, ಮದುವೆಗೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಗುಡ್ಡ ಹತ್ತಲು ಬೇಡ. ಎಷ್ಟು ಸಲ ಹೇಳಿದರೂ ಮತ್ತೆ ಅದನ್ನೇ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಇದು ಪೂರ್ತಿ ತಪ್ಪಿಸಬಹುದಾದ ನೋವು.

ನಡಿಗೆಗೆ ಬರುವ ಹಗುರ ಬೂಟುಗಳು ಈಗ ಬಹುತೇಕ ಹರಡಿನ ಕೆಳಗೇ ಮುಗಿಯುತ್ತವೆ. ಬೂಟು ಗಿಡ್ಡ, ಆದ್ದರಿಂದ ಸಾಕ್ಸೂ ಗಿಡ್ಡ ಇರಲಿ ಎಂಬ ಲೆಕ್ಕ ಎಲ್ಲರದೂ. ಲೆಕ್ಕ ಅಲ್ಲೇ ತಪ್ಪುವುದು. ಎತ್ತರದ ಚರ್ಮದ ಬೂಟು ಕಾಲನ್ನು ತಾನೇ ಮುಚ್ಚುತ್ತದೆ. ಗಿಡ್ಡ ಬೂಟು ಬಿಟ್ಟ ಜಾಗವನ್ನು ಸಾಕ್ಸೇ ಮುಚ್ಚಬೇಕು. ಬೂಟಿನ ಬಾಯಿ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಕನಿಷ್ಠ ಎರಡು ಬೆರಳು ಮೇಲೆ ಸಾಕ್ಸ್ ಇರಬೇಕು. ಅಂಗಡಿಯ ಕನ್ನಡಿ ಮುಂದೆ ನಿಂತಾಗಿನ ಎರಡು ಬೆರಳಲ್ಲ, ನಡೆದ ಮೇಲೂ ಉಳಿಯುವ ಎರಡು ಬೆರಳು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಏರು ಹತ್ತುವಾಗ ಪ್ರತಿ ಹೆಜ್ಜೆಗೂ ಹಿಮ್ಮಡಿ ಬೂಟಿನೊಳಗೆ ಒಂಚೂರು ಎದ್ದು ಮತ್ತೆ ಕೂಡುತ್ತದೆ. ಲೇಸ್ ಎಷ್ಟು ಬಿಗಿದರೂ ಆ ಆಟ ಪೂರ್ತಿ ನಿಲ್ಲುವುದಿಲ್ಲ. ಹಿಮ್ಮಡಿ ಏಳುವಾಗ ಬೂಟಿನ ಒಳಮೈ ಸಾಕ್ಸನ್ನು ಹಿಡಿದಿಡುತ್ತದೆ. ಕಾಲು ಮೇಲೆ ಹೋಗುತ್ತದೆ, ಸಾಕ್ಸ್ ಕೂದಲೆಳೆಯಷ್ಟು ಹಿಂದೆ ಉಳಿಯುತ್ತದೆ. ಮೇಲೆ ಉದ್ದ ಬಟ್ಟೆ ಇದ್ದು, ಅದರ ಇಲಾಸ್ಟಿಕ್ ಕಾಲನ್ನು ಹಿಡಿದಿದ್ದರೆ ಸಾಕ್ಸ್ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅಂಚು ಬೂಟಿನ ಬಾಯಿಯ ಮಟ್ಟಕ್ಕೇ ಇದ್ದರೆ ಅದು ಒಳಗೆ ಜಾರುತ್ತದೆ. ಒಮ್ಮೆ ಜಾರಿದ ಮೇಲೆ ಹಿಡಿಯುವವರಿಲ್ಲ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅದು ಅಂಗಾಲಿನ ಕೆಳಗೆ ಮುದ್ದೆಯಾಗಿ ಕೂತಿರುತ್ತದೆ, ಬೂಟಿನ ಹೊಲಿಗೆ ಬರೀ ಚರ್ಮವನ್ನು ತಿಕ್ಕುತ್ತಿರುತ್ತದೆ. ಅದೂ ಬೆವರಿಗೆ ನೆನೆದ ಚರ್ಮ. ಚರ್ಮದ ಪದರುಗಳು ಒಂದರಿಂದೊಂದು ಬಿಟ್ಟು ನಡುವೆ ನೀರು ತುಂಬಿದ್ದೇ ಗುಳ್ಳೆ.

‘ಹಿಂದ ಸಿಲಿಕಾನ್ ಪಟ್ಟಿ ಐತ್ರೀ, ಜಾರಂಗಿಲ್ಲ’ ಅನ್ನುವವರಿದ್ದಾರೆ. ಕುರ್ಚಿಯ ಮೇಲೆ ಕೂತಾಗ ಜಾರುವುದಿಲ್ಲ. ಬೆವರು, ಕೆಸರು ಹತ್ತಿದ ಮೇಲೆ ಆ ಪಟ್ಟಿಯನ್ನು ನಂಬಬೇಡಿ.

ಸಾಕ್ಸಿನ ಎತ್ತರಕ್ಕೆ ಇಟ್ಟ ಆಂಕಲ್, ಕ್ವಾರ್ಟರ್, ಕ್ರೂ ಎಂಬ ಹೆಸರುಗಳನ್ನೂ ನಂಬಬೇಡಿ. ಒಬ್ಬರ ಆಂಕಲ್ ಹರಡಿನ ಕೆಳಗಿರುತ್ತದೆ, ಇನ್ನೊಬ್ಬರದು ಮೇಲೆ. ಅಂಗಡಿಗೆ ಹೋಗುವಾಗ ನಡಿಗೆಯ ಬೂಟನ್ನೇ ಹಾಕಿಕೊಂಡು ಹೋಗಿ. ಸಾಕ್ಸ್ ಹಾಕಿ, ಲೇಸ್ ಬಿಗಿದು, ತುದಿಗಾಲ ಮೇಲೆ ಹತ್ತಿಪ್ಪತ್ತು ಸಲ ಎದ್ದಿಳಿಯಿರಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಆಮೇಲೆ ಹಿಂದುಗಡೆ ಬೆರಳಿಟ್ಟು ಅಳೆಯಿರಿ. ಇಲಾಸ್ಟಿಕ್ಕಿನ ದಪ್ಪ ಅಂಚು ಹರಡಿನ ಎಲುಬಿನ ಮೇಲೆಯೇ ಕೂತಿದ್ದರೆ ಅದನ್ನೂ ಬಿಡಿ, ಎಲುಬು ದಾಟಿ ಮೇಲೆ ಹೋಗುವಂಥದ್ದನ್ನು ಕೇಳಿ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ.

ಎರಡು ಬೆರಳು ಕನಿಷ್ಠ ಮಾತ್ರ. ಅದಕ್ಕಿಂತ ಎಷ್ಟು ಎತ್ತರ ಬೇಕು ಎಂಬುದನ್ನು ದಾರಿ ಹೇಳುತ್ತದೆ. ಯಳ್ಳೂರಿನ ರಾಜಹಂಸಗಡಕ್ಕೆ ಬೆಳಿಗ್ಗೆ ಹತ್ತಿ ಇಳಿಯಲು ಹರಡಿಗಿಂತ ತುಸು ಮೇಲೆ ಬರುವ ಕ್ವಾರ್ಟರ್ ಸಾಕು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳಲ್ಲಿ ಸಣ್ಣ ಹರಳು ಬೂಟಿನ ಬಾಯಿಯಿಂದ ಒಳಗೆ ಬೀಳುತ್ತದೆ, ಸಾಕ್ಸ್ ಕಾಲಿಗೆ ಅಂಟಿಕೊಂಡಂತೆ ಇರಬೇಕು. ಬಾದಾಮಿ ಹತ್ತಿರದ ಸಿಡಿಲಫಡಿಯ ಕಡೆಗೆ ದಸರೆಯ ನಂತರ ಹೋದರೆ ಹುಲ್ಲಿನ ಸುಂಕು, ಉತ್ತರಾಣಿ ಬೀಜ ಕಾಲು ಬಿಡುವುದಿಲ್ಲ. ಅಲ್ಲಿ ಮೀನಖಂಡದ ಅರ್ಧಕ್ಕೆ ಬರುವ ಕ್ರೂ ಸಾಕ್ಸ್ ಬೇಕು. ನೇಯ್ಗೆ ಒತ್ತಾಗಿ ನುಣುಪಾಗಿರಲಿ, ಜಾಳಾದ ನೇಯ್ಗೆಯಲ್ಲಿ ಸುಂಕು ನಾಟಿ ಒಳಕ್ಕೇ ಸರಿಯುತ್ತದೆ.

ಖಾನಾಪುರದ ಕಾಡಿನ ಮಾತೇ ಬೇರೆ. ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಿ ಮಾತ್ರ ಹೋಗಿ, ಹೋದರೆ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಗಿಡ್ಡ ಸಾಕ್ಸಿನಲ್ಲಿ ಅದು ಆಗದ ಮಾತು. ಮಳೆಗಾಲಕ್ಕೆ ಜಿಗಣೆ, ಮಳೆ ಮುಗಿದ ಮೇಲೆ ಉಣುಗು. ಜಿಗಣೆ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಕೆಯಾಗುತ್ತದೆ. ಉಣುಗನ್ನು ಹಾಗೆ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ತಿಳಿ ಬಣ್ಣದ ಸಾಕ್ಸ್ ಹಾಕಿದರೆ ಹತ್ತುತ್ತಿರುವ ಉಣುಗು ಕಣ್ಣಿಗೆ ಬೀಳುತ್ತದೆ. ಸಾಕ್ಸ್ ಒಂದೇ ಪೂರ್ತಿ ರಕ್ಷಣೆ ಎಂದು ಮಾತ್ರ ನಾನು ಹೇಳಲಾರೆ.

ಕಳೆದ ಯುಗಾದಿಗೆ ಮುಂಚೆ ಜಮಖಂಡಿ ಕಡೆಯ ಹಿರಿಯರೊಬ್ಬರು ಸೊಂಟ ನೋವಿಗೆ ಬಂದಿದ್ದರು. ವರ್ಷವೂ ಶ್ರೀಶೈಲಕ್ಕೆ ನಡೆದು ಹೋಗುವವರು, ಈ ತನಕ ಚರ್ಮದ ಚಪ್ಪಲಿಯಲ್ಲೇ. ಮೊಮ್ಮಗ ಪ್ರೀತಿಯಿಂದ ಹಗುರ ಬೂಟು ಕೊಡಿಸಿದ್ದ, ಜೊತೆಗೆ ಅದೇ ಕಾಣದ ಸಾಕ್ಸ್. ಅಜ್ಜ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ತಮ್ಮಾ, ಇದೇನ್ ಕಾಲಚೀಲೋ, ಹಿಮ್ಮಡಕ್ಕ ಹಾಕೂ ಕುಲಾಯೋ?’ ಎಂದು ಕೇಳಿದರು. ಇಷ್ಟು ಸರಿಯಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ತೆಳುವಾದ ಕ್ರೂ ಸಾಕ್ಸ್ ಮೂರು ಜೊತೆ ತಗೊಳ್ರಿ, ಹೊರಡುವ ಮುಂಚೆ ಒಂದು ವಾರ ಹೊಲಕ್ಕೆ ಅದರಲ್ಲೇ ಹೋಗಿ ಬರ್ರಿ ಎಂದೆ. ಅರಳೆಯದೇ ತಂಪು ಎಂದು ಅವರ ಹಟ. ನಿಜ, ಮನೆಯಲ್ಲಿ ತಂಪು. ನಡೆಯುವಾಗ ಅರಳೆ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಸಿಂಥೆಟಿಕ್ ಬೆರಕೆಯದು ಒಣಗುತ್ತದೆ. ಮಧ್ಯಾಹ್ನ ಬದಲಿಸಿ, ಹಸಿಯದನ್ನು ಚೀಲಕ್ಕೆ ಕಟ್ಟಿ ನಡೆಯಿರಿ ಎಂದು ಒಪ್ಪಿಸಿದೆ. ಜಾತ್ರೆ ಮುಗಿಸಿ ಬಂದಾಗ ಹಿಮ್ಮಡಿ ನೆಟ್ಟಗಿತ್ತು. ಹೆಬ್ಬೆರಳ ಉಗುರು ಮಾತ್ರ ಕಪ್ಪಾಗಿತ್ತು, ಶ್ರೀಶೈಲದ ದಾರಿಯ ಭೀಮನಕೊಳ್ಳದ ಇಳುಕಲಿನಲ್ಲಿ ಲೇಸ್ ಸಡಿಲ ಬಿಟ್ಟಿದ್ದರಂತೆ. ಅದಕ್ಕೂ ಸಾಕ್ಸಿನ ಎತ್ತರಕ್ಕೂ ಸಂಬಂಧವಿಲ್ಲ.

ಇನ್ನು ಕೆಲವರು ತದ್ವಿರುದ್ಧ. ಕಾಲು ಉಳುಕಬಾರದೆಂದು ಎತ್ತರದ ಬಿಗಿ ಸಾಕ್ಸ್ ಕೇಳುತ್ತಾರೆ. ಬಟ್ಟೆ ಹರಡನ್ನು ಹಿಡಿದು ನಿಲ್ಲಿಸುವುದಿಲ್ಲ. ಉಳುಕು ತಡೆಯಲು ಬೇಕಾದದ್ದು ಹರಡಿನ ಸುತ್ತಲಿನ ಸ್ನಾಯುಗಳ ಬಲ ಮತ್ತು ಸಮತೋಲ. ದಿನವೂ ಹಲ್ಲುಜ್ಜುವಾಗ ಒಂದೊಂದೇ ಕಾಲಿನ ಮೇಲೆ ನಿಂತು ಅಭ್ಯಾಸ ಮಾಡಿ, ಬೀಳುವ ಭಯವಿದ್ದವರು ಗೋಡೆ ಹಿಡಿದುಕೊಳ್ಳಿ. ಹಿಂದೆ ಉಳುಕಿದ ಕಾಲಾದರೆ ಈ ಅಭ್ಯಾಸ ಬಿಡಲೇಬಾರದು.

ಬಿಸಿಲಿಗೆ ಎತ್ತರದ ಸಾಕ್ಸ್ ಸೆಕೆಯಾದರೆ ಕೆಳಗೆ ಮಡಚಿಕೊಳ್ಳಬಹುದು. ಮಡಿಕೆ ಬೂಟಿನ ಬಾಯಿಗೆ ತಾಗದಂತೆ ಮೇಲೆಯೇ ನಿಲ್ಲಿಸಿ, ಇಲ್ಲದಿದ್ದರೆ ಆ ದಪ್ಪವೇ ಒತ್ತುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಪಾದ ಜೋಮು ಹಿಡಿಯುವವರು, ಕಾಲಿನ ರಕ್ತ ಸಂಚಾರದ ತೊಂದರೆ ಇದ್ದವರು ಬಿಗಿ ಇಲಾಸ್ಟಿಕ್ಕಿನದಾಗಲಿ ಕಂಪ್ರೆಷನ್ ಸಾಕ್ಸ್ ಆಗಲಿ ತಾವಾಗಿಯೇ ಕೊಳ್ಳಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ನಿಮಗೆ ಗುಳ್ಳೆ ಎದ್ದದ್ದೇ ಗೊತ್ತಾಗದಿರಬಹುದು, ಅದಕ್ಕೆ ಕೂತಲ್ಲೆಲ್ಲ ಬೂಟು ಬಿಚ್ಚಿ ಹಿಮ್ಮಡಿ, ಬೆರಳ ಸಂದು ಕಣ್ಣಾರೆ ನೋಡಿ. ಕಾಣದಿದ್ದರೆ ಜೊತೆಯಲ್ಲಿದ್ದವರಿಗೆ ತೋರಿಸಿ.