ಹುರಿಹಿಟ್ಟಿನ ಲೈಸಿನ್‌ಗೆ ಎಷ್ಟು ದುಡ್ಡು ಕೇಳಬೇಕು?

ಹೋದ ತಿಂಗಳು ಮಂಡ್ಯದಿಂದ ಒಬ್ಬ ಕಾಲೇಜು ಮೇಷ್ಟ್ರು ಬಂದಿದ್ದರು. ಕೈಯಲ್ಲಿ ಸಂಶೋಧನಾ ಅನುದಾನಕ್ಕೆ ಬರೆದ ನಲವತ್ತು ಪುಟದ ಅರ್ಜಿ. ಮಕ್ಕಳಿಗೆ ಕೊಡುವ ರಾಗಿ ಹುರಿಹಿಟ್ಟಿನಲ್ಲಿ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಎಷ್ಟಿವೆ ಅಂತ ನೋಡಬೇಕಂತೆ. ವಿಷಯ ಚೆನ್ನಾಗಿದೆ. ಆದರೆ ಕೇಳಿದ ಹಣದಲ್ಲಿ ಮುಕ್ಕಾಲು ಪಾಲು ಒಂದು ಎಚ್‌ಪಿಎಲ್‌ಸಿಗೆ, ಅಂದರೆ ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ! "ಮಷಿನ್ ಒಂದು ಬಂದ್ರೆ ಎಲ್ಲಾ ಗೊತ್ತಾಗುತ್ತೆ ಸರ್" ಅಂದರು. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಮಷಿನ್ ಹೇಳುವುದು ಹಿಟ್ಟಿನಲ್ಲಿ ಏನಿದೆ ಅಂತ ಮಾತ್ರ. ಅದನ್ನೂ ಪೂರ್ತಿ ಹೇಳುವುದಿಲ್ಲ. ಪ್ರೋಟೀನ್ ಒಡೆಯಲು ಹಿಟ್ಟನ್ನು ಆಮ್ಲದಲ್ಲಿ ಹಾಕಿ 110 ಡಿಗ್ರಿಯಲ್ಲಿ 24 ಗಂಟೆ ಕಾಯಿಸುತ್ತೇವೆ. ಅಷ್ಟರಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ ಹಾಳಾಗಿರುತ್ತದೆ. ಅದಕ್ಕೆ ಕ್ಷಾರದಲ್ಲಿ ಬೇರೆ ಪರೀಕ್ಷೆ ಬೇಕು, ಬೇರೆ ದುಡ್ಡು ಬೇಕು. ಅದನ್ನು ಕೇಳದೆ, ಕೊನೆಗೆ "ಟ್ರಿಪ್ಟೊಫಾನ್ ಇಲ್ಲ" ಅಂತ ಬರೆದವರನ್ನೂ ನೋಡಿದ್ದೇನೆ.

ಲೈಸಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಕಥೆ ಇನ್ನೂ ತಮಾಷೆ. ರಾಗಿಯಲ್ಲಿ ಅದು ಮೊದಲೇ ಕಡಿಮೆ. ಮುದ್ದೆ ಜೊತೆ ಅವರೆಕಾಳು ಸಾರು ತಿಂದರೆ ಕಾಳು ಆ ಕೊರತೆ ತುಂಬುತ್ತದೆ. ಇನ್ನು ರಾಗಿ ಹುರಿದಾಗ ಘಮ್ ಅನ್ನುತ್ತದಲ್ಲ, ಆಗ ಒಂದಿಷ್ಟು ಲೈಸಿನ್ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡಿದ್ದನ್ನು ನಮ್ಮ ದೇಹ ಬಳಸಲಾರದು. ಆದರೆ ಲ್ಯಾಬಿನ ಆಮ್ಲ ಅದರಲ್ಲಿ ಸ್ವಲ್ಪವನ್ನು ಬಿಡಿಸಿಬಿಡುತ್ತದೆ! ವರದಿಯಲ್ಲಿ ಲೈಸಿನ್ ಇದೆ, ಮಗುವಿಗೆ ಸಿಕ್ಕಿಲ್ಲ. ಎಷ್ಟು ನಷ್ಟ ಅನ್ನುವುದು ಉರಿ, ಹೊತ್ತು, ತೇವ ನೋಡಿ ಹೇಳಬೇಕು. ಹುರಿಹಿಟ್ಟು ಬಿಟ್ಟುಬಿಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ನಾನೂ ಅದನ್ನೇ ತಿಂದು ಬೆಳೆದವನು.

ದೇಹಕ್ಕೆ ಎಷ್ಟು ಬೇಕು, ಎಷ್ಟು ದಕ್ಕಿತು ಅನ್ನುವುದನ್ನು ಮನುಷ್ಯರಲ್ಲೇ ಅಳೆಯಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅದನ್ನೇ ಮಾಡಿದರು. ಅಳತೆಯ ಊಟ, ಜೊತೆಗೆ ಇಂಗಾಲ-13ರ (ತುಸು ಭಾರದ ಇಂಗಾಲ) ಗುರುತಿರುವ ಅಮೈನೋ ಆಮ್ಲ, ಆಮೇಲೆ ಆ ಇಂಗಾಲ ಉಸಿರಿನಲ್ಲಿ ಎಷ್ಟು ಹೊರಬಂತು ಅನ್ನುವ ಪರೀಕ್ಷೆ. ದೊಡ್ಡವರಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ, 12 ಮಿಲಿಗ್ರಾಂ ಲೈಸಿನ್ ಸಾಕು ಅಂತ 1985ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿತ್ತು. ಇಂಥ ಅಧ್ಯಯನಗಳಿಂದಾಗಿ 2007ರ ವರದಿಯಲ್ಲಿ ಅದು 30 ಆಯಿತು. ದುಡ್ಡು ಕೇಳುವುದಾದರೆ ಇದಕ್ಕೆ ಕೇಳಿ: ಗುರುತಿನ ಅಮೈನೋ ಆಮ್ಲಕ್ಕೆ, ಪರೀಕ್ಷೆಗೆ ಬಂದವರ ಊಟಕ್ಕೆ, ಅವರನ್ನು ನೋಡಿಕೊಳ್ಳುವ ಹುಡುಗರ ಸಂಬಳಕ್ಕೆ. ಹಿಟ್ಟಿನ ಪರೀಕ್ಷೆ ಹೊರಗೆ ಮಾಡಿಸಬಹುದು. ನಮ್ಮ ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ ಅಲ್ವಾ?

ಮೇಷ್ಟ್ರು ಪೆನ್ನು ತೆಗೆದು ಯಂತ್ರದ ಸಾಲು ಹೊಡೆದು ಹಾಕಿದರು. ಕಾಫಿ ಕುಡಿದರು. ಬಾಗಿಲ ತನಕ ಹೋದವರು ತಿರುಗಿ ಕೇಳಿದರು: "ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಸರ್?"